ರಾಮೆನ್

ರಾಮೆನ್ ಜಪಾನಿನ ಅತ್ಯಂತ ಜನಪ್ರಿಯ ಊಟಗಳಲ್ಲೊಂದು. ಕ್ಷಾರದ ನೀರು ಬೆರೆಸಿ ನಾದಿದ ಗೋಧಿ ಹಿಟ್ಟಿನ ನೂಡಲ್ಸನ್ನು ಮೂಳೆ, ಮಾಂಸ, ಒಣಮೀನು, ಕಡಲಕಳೆಗಳಿಂದ ಇಳಿಸಿದ ಬಿಸಿ ಸಾರಿಗೆ ಹಾಕಿ, ಮೇಲೆ ಹಂದಿ ಮಾಂಸದ ಹೋಳು, ಮೊಟ್ಟೆ, ಹುಳಿ ಬರಿಸಿದ ಕಳಲೆ, ಹೆಚ್ಚಿದ ಈರುಳ್ಳಿ ಸೊಪ್ಪು ಮುಂತಾದವನ್ನು ಜೋಡಿಸಿ ದೊಡ್ಡ ಬಟ್ಟಲಿನಲ್ಲಿ ಬಡಿಸುವುದು ಇದರ ಸಾಮಾನ್ಯ ರೂಪ. ಮೂಲ ಚೀನಾದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದರು ಪಟ್ಟಣಗಳ ಮೂಲಕ ಜಪಾನಿಗೆ ಬಂದು, ಎರಡನೆಯ ಮಹಾಯುದ್ಧದ ನಂತರ ಇಡೀ ದೇಶದ ಊಟವಾಯಿತು. ಸುಶಿ, ಸೋಬಾ ನೂಡಲ್ಸ್‌ಗಳಿಗಿರುವಂಥ ಹಳೆಯ ಕಟ್ಟುಪಾಡು ಇದಕ್ಕಿಲ್ಲ. ಹೊರಗಿನಿಂದ ಬಂದ, ದುಡಿಯುವವರ ಹೊಟ್ಟೆ ತುಂಬಿಸಿದ ಅಗ್ಗದ ತಿನಿಸಾದ್ದರಿಂದ ಪ್ರತಿ ಊರೂ ಪ್ರತಿ ಅಡುಗೆಯವನೂ ಇದನ್ನು ತಮಗೆ ಬೇಕಾದಂತೆ ಬದಲಿಸಿಕೊಂಡರು. ರಾಮೆನ್ ಇಷ್ಟು ವ್ಯಾಪಕವಾಗಿ ಬೇರೂರಲು ಈ ಸ್ವಾತಂತ್ರ್ಯವೇ ಮುಖ್ಯ ಕಾರಣ.

ಹುಟ್ಟು ಮತ್ತು ಆರಂಭದ ದಿನಗಳು

ಬೌದ್ಧ ಧರ್ಮದ ಪ್ರಭಾವದಿಂದ ಜಪಾನಿನಲ್ಲಿ ಮಾಂಸಾಹಾರದ ಮೇಲೆ ಶತಮಾನಗಳ ಕಾಲ ನಿರ್ಬಂಧವಿತ್ತು. ಕ್ರಿ.ಶ. 675ರಲ್ಲಿ ಸಾಮ್ರಾಟ ತೆಮ್ಮು ದನ, ಕುದುರೆ, ನಾಯಿ, ಕೋತಿ ಮತ್ತು ಕೋಳಿಯ ಮಾಂಸ ತಿನ್ನುವುದನ್ನು ನಿಷೇಧಿಸಿದ್ದ. 1872ರಲ್ಲಿ ಮೇಜಿ ಸಾಮ್ರಾಟನೇ ಗೋಮಾಂಸ ತಿಂದ ಸುದ್ದಿ ಹೊರಬಿದ್ದ ಮೇಲೆ ಈ ಹಿಂಜರಿಕೆ ಸಡಿಲಿತು. ಮೂಳೆಯ ಸಾರು ಜನರ ಊಟದಲ್ಲಿ ಜಾಗ ಪಡೆಯಲು ಈ ಬದಲಾವಣೆ ಅಗತ್ಯವಾಗಿತ್ತು.

1859ರಲ್ಲಿ ಯೊಕೊಹಾಮಾ, ನಾಗಸಾಕಿ, ಹಕೊಡಾಟೆ ಬಂದರುಗಳು ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡವು. ಪಶ್ಚಿಮದ ವರ್ತಕರ ಜೊತೆ ಚೀನೀ ಅಡುಗೆಯವರೂ ಕೂಲಿಕಾರರೂ ಬಂದು ನೆಲೆಸಿದರು. ಅವರ ಕೇರಿಗಳಲ್ಲಿ ಸಿಗುತ್ತಿದ್ದ ನೂಡಲ್ಸ್ ಸಾರನ್ನು ಜಪಾನೀಯರು ಮೊದಲು 'ನಾಂಕಿನ್ ಸೋಬಾ', ಆಮೇಲೆ 'ಶಿನಾ ಸೋಬಾ' ಎಂದು ಕರೆದರು. ಎರಡನೆಯ ಮಹಾಯುದ್ಧದ ನಂತರ, ಚೀನಾವನ್ನು ಸೂಚಿಸುವ 'ಶಿನಾ' ಎಂಬ ಮಾತು ಚೀನೀಯರಿಗೆ ಅವಮಾನಕರವೆಂದು ಬಳಕೆ ತಪ್ಪಿ, ಅದರ ಜಾಗಕ್ಕೆ 'ಚೂಕಾ ಸೋಬಾ' ಬಂತು. 'ರಾಮೆನ್' ಎಂಬ ಹೆಸರು ದೇಶಾದ್ಯಂತ ನೆಲೆಗೊಂಡದ್ದು ದಿಢೀರ್ ನೂಡಲ್ಸ್ ಪೊಟ್ಟಣಗಳ ಕಾಲದಲ್ಲಿ.

1910ರಲ್ಲಿ ಒಜಾಕಿ ಕನ್‌ಇಚಿ ಎಂಬಾತ ಟೋಕಿಯೊದ ಅಸಾಕುಸಾದಲ್ಲಿ 'ರಾಯ್‌ರಾಯ್‌ಕೆನ್' ಎಂಬ ಖಾನಾವಳಿ ತೆರೆದ. ಆತ ಹಿಂದೆ ಯೊಕೊಹಾಮಾದ ಸುಂಕದ ಕಚೇರಿಯಲ್ಲಿದ್ದವನು. ಅಡುಗೆಯವರನ್ನು ಅಲ್ಲಿನ ಚೀನೀ ಕೇರಿಯಿಂದಲೇ ಕರೆತಂದ. ಅಸಾಕುಸಾ ಆಗ ನಾಟಕ, ಸಿನಿಮಾ, ಜಾತ್ರೆಗಳ ಬಡಾವಣೆ. ಸೋಯಾ ಸಾಸಿನ ರುಚಿಯ ಸಾರಿನಲ್ಲಿ ನೂಡಲ್ಸ್, ಹಂದಿ ಮಾಂಸ, ಕಳಲೆ ಬೆರೆಸಿ ಕಡಿಮೆ ಬೆಲೆಗೆ ಕೊಡುತ್ತಿದ್ದ ಈ ಅಂಗಡಿಗೆ ಜನ ಮುಗಿಬಿದ್ದರು. ಟೋಕಿಯೊ ಶೈಲಿಯ ರಾಮೆನ್ ಇಲ್ಲಿಂದ ಆರಂಭವಾಯಿತು ಎನ್ನುವುದು ರೂಢಿ. 1922ರಲ್ಲಿ ಉತ್ತರದ ಸಪ್ಪೊರೊದಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯದ ಬಳಿ ಇದ್ದ 'ತಾಕೆಯಾ' ಖಾನಾವಳಿಯಲ್ಲಿ ಚೀನೀ ಅಡುಗೆಯವನ ಕೈರುಚಿ ವಿದ್ಯಾರ್ಥಿಗಳಿಗೆ ಹಿಡಿಸಿತು. ಮರುವರ್ಷ ಟೋಕಿಯೊ-ಯೊಕೊಹಾಮಾಗಳನ್ನು ಕೆಡವಿದ ಭಾರಿ ಭೂಕಂಪದ ನಂತರ ಅಂಗಡಿ ಕಳೆದುಕೊಂಡ ಅನೇಕರು ತಳ್ಳುಗಾಡಿ ಹಿಡಿದರು, ಕೆಲವರು ಬೇರೆ ಊರುಗಳಿಗೆ ಹೋದರು. ಅವರೊಂದಿಗೆ ರಾಮೆನ್ ಕೂಡ ಹರಡಿತು. ರಾತ್ರಿ ಹೊತ್ತು 'ಚರುಮೆರಾ' ಎಂಬ ಓಲಗದಂಥ ಪುಟ್ಟ ವಾದ್ಯ ಊದುತ್ತಾ ಗಾಡಿ ತಳ್ಳಿಕೊಂಡು ಬರುವ ಮಾರಾಟಗಾರ ನಗರಗಳ ಪರಿಚಿತ ಮುಖವಾದ.

ಹಸಿವಿನ ವರ್ಷಗಳು

1945ರಲ್ಲಿ ಜಪಾನ್ ಸೋತಾಗ ಭತ್ತದ ಬೆಳೆಯೂ ಕೈಕೊಟ್ಟಿತ್ತು. ಪಡಿತರ ಸಾಲದೆ ನಗರವಾಸಿಗಳು ಕಾಳಸಂತೆಯನ್ನು ನೆಚ್ಚಿಕೊಂಡರು. ಅಮೆರಿಕದಿಂದ ಬಂದ ಗೋಧಿ ಹಿಟ್ಟು ಅಕ್ಕಿಯ ಕೊರತೆ ತುಂಬಿತು. ಬೀದಿ ಬದಿಯಲ್ಲಿ ಊಟ ಮಾರುವುದಕ್ಕೆ ನಿರ್ಬಂಧವಿದ್ದರೂ ತಳ್ಳುಗಾಡಿಗಳು ನಿಲ್ಲಲಿಲ್ಲ. ಮಂಚೂರಿಯ ಮತ್ತು ಚೀನಾದ ಇತರ ಭಾಗಗಳಿಂದ ಮರಳಿದ ಸೈನಿಕರು, ವಲಸಿಗರಲ್ಲಿ ಅಲ್ಲಿನ ಗೋಧಿ ತಿನಿಸುಗಳ ಪರಿಚಯವಿದ್ದವರು ಕಡಿಮೆ ಬಂಡವಾಳದ ಈ ಕಸುಬಿಗಿಳಿದರು. ಗೋಧಿ, ಕೊಬ್ಬು, ಉಪ್ಪು, ಬಿಸಿ ಸಾರು ಒಂದೇ ಬಟ್ಟಲಿನಲ್ಲಿ ಸಿಗುವ ರಾಮೆನ್ ಅಂದಿನ ಹಸಿದ ಜನಕ್ಕೆ ಶಕ್ತಿ ಕೊಡುವ ಊಟವೆನಿಸಿತು.

1950-60ರ ದಶಕಗಳಲ್ಲಿ ಕಾರ್ಖಾನೆ, ರೈಲು, ಕಟ್ಟಡ ಕಾಮಗಾರಿಗಳಿಗೆಂದು ಹಳ್ಳಿಗಳಿಂದ ಬಂದ ಯುವಕರೇ ರಾಮೆನ್ ಅಂಗಡಿಗಳ ಮುಖ್ಯ ಗಿರಾಕಿಗಳು. ಅವರ ದುಡಿಮೆ ಸಾರಿನ ರುಚಿಯನ್ನೂ ತಿದ್ದಿತು. ತೊಯಾಮಾ ನಗರದ ಕಪ್ಪು ರಾಮೆನ್ ಇದಕ್ಕೆ ನಿದರ್ಶನ: ಬೆವರು ಸುರಿಸಿ ದುಡಿದವರು ಅನ್ನದೊಂದಿಗೆ ನೆಂಚಿಕೊಳ್ಳಲೆಂದು ಅದರ ಸೋಯಾ ಸಾರನ್ನು ತೀರ ಉಪ್ಪಾಗಿ ಮಾಡಲಾಯಿತು. 1970ರ ದಶಕದ ಹೊತ್ತಿಗೆ ಕಂಪನಿಯ ಕೆಲಸ ಬಿಟ್ಟು ಸ್ವಂತ ರಾಮೆನ್ ಅಂಗಡಿ ಹಾಕುವುದು ಎಷ್ಟೋ ಸಂಬಳದಾರರ ಕನಸಾಗಿತ್ತು.

ಬಟ್ಟಲಿನ ಐದು ಅಂಗಗಳು

ರಾಮೆನ್‌ಗೆ ಐದು ಅಂಗಗಳು: ನೂಡಲ್ಸ್, ಸಾರು, 'ತಾರೆ' ಎಂಬ ಗಾಢ ರಸ, ಪರಿಮಳದ ಎಣ್ಣೆ ಮತ್ತು ಮೇಲಿನ ಪದಾರ್ಥಗಳು.

ರಾಮೆನ್ ನೂಡಲ್ಸನ್ನು ಜಪಾನಿನ ಇತರ ನೂಡಲ್ಸ್‌ಗಳಿಂದ ಬೇರೆ ಮಾಡುವುದು ಹಿಟ್ಟಿಗೆ ಸೇರುವ 'ಕನ್‌ಸುಯಿ'. ಇದು ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಕಾರ್ಬೊನೇಟ್‌ಗಳಂಥ ಲವಣಗಳ ಕ್ಷಾರ ದ್ರಾವಣ. ಇದು ಬಿದ್ದರೆ ಗೋಧಿಯ ಜಿಗುಟು ಬಿಗಿಯಾಗುತ್ತದೆ, ಎಳೆ ಬಿಸಿ ಸಾರಿನಲ್ಲಿ ಬೇಗ ಮೆತ್ತಗಾಗುವುದಿಲ್ಲ. ಗೋಧಿಯಲ್ಲಿ ಸಹಜವಾಗಿರುವ ವರ್ಣದ್ರವ್ಯಗಳು ಕ್ಷಾರದಲ್ಲಿ ಹಳದಿಗೆ ತಿರುಗುವುದರಿಂದ ಮೊಟ್ಟೆ ಹಾಕದಿದ್ದರೂ ನೂಡಲ್ಸಿಗೆ ನಸುಹಳದಿ ಬಣ್ಣ ಬರುತ್ತದೆ. ನಾದುವಾಗ ಹಾಕುವ ನೀರಿನ ಪ್ರಮಾಣವೂ ಮುಖ್ಯ. ನೀರು ಕಡಿಮೆಯಿದ್ದರೆ ಫುಕುವೊಕಾ ನಗರದ ಹಕಾತಾ ಭಾಗದಂತೆ ನೇರವಾದ, ಕಡಿದರೆ ಪಟ್ಟನೆ ತುಂಡಾಗುವ ಸಣ್ಣ ಎಳೆ. ಹೆಚ್ಚಿದ್ದರೆ ಕಿತಾಕಾತಾ ಊರಿನಂತೆ ಚಪ್ಪಟೆಯಾದ, ಸುರುಳಿ ಸುರುಳಿಯಾದ ದಪ್ಪ ಎಳೆ.

ಸಾರಿನಲ್ಲಿ ಎರಡು ಬಗೆ. ಕೋಳಿ ಅಥವಾ ಹಂದಿ ಮೂಳೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ ನೊರೆ ತೆಗೆಯುತ್ತ ಬಂದರೆ ತಿಳಿಸಾರು. ಹಂದಿ ಮೂಳೆಯನ್ನು ದೊಡ್ಡ ಉರಿಯಲ್ಲಿ ಹಲವು ಗಂಟೆ ಕೊತಕೊತನೆ ಕುದಿಸಿದರೆ ಮೂಳೆಯ ಕೊಲಾಜನ್ ಕರಗಿ ಜೆಲಟಿನ್ ಆಗುತ್ತದೆ, ಕೊಬ್ಬು ನೀರಿನೊಂದಿಗೆ ಬೆರೆತು ಸಾರು ಹಾಲಿನಂತೆ ಬೆಳ್ಳಗಾಗುತ್ತದೆ. ಇದೇ 'ತೊಂಕೊತ್ಸು'. ಅನೇಕ ಅಂಗಡಿಗಳಲ್ಲಿ ಮೂಳೆಯ ಸಾರಿಗೆ ಕೊಂಬು ಎಂಬ ಕಡಲಕಳೆ, ಒಣಗಿಸಿದ ಬೊನಿಟೊ ಮೀನಿನ ಹೆರೆ, ಒಣ ಸಣ್ಣಮೀನು ಹಾಕಿದ ಸಾರನ್ನು ಬೆರೆಸುತ್ತಾರೆ. ರಸಾಯನಶಾಸ್ತ್ರಜ್ಞ ಇಕೆಡಾ ಕಿಕುನಾಯೆ 1908ರಲ್ಲಿ ಕೊಂಬುವಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದು ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟ. ಕಡಲಕಳೆಯ ಗ್ಲುಟಮೇಟ್ ಮಾಂಸ-ಮೀನುಗಳ ಇನೊಸಿನೇಟ್ ಜೊತೆ ಸೇರಿದಾಗ ರುಚಿ ಹಲವು ಪಟ್ಟು ಗಾಢವಾಗುತ್ತದೆ. ರಾಮೆನ್ ಸಾರಿನ ಸೆಳೆತಕ್ಕೆ ಇದು ಮುಖ್ಯ ಕಾರಣ.

ಸಾರಿಗೆ ಉಪ್ಪು ಹಾಕುವುದಿಲ್ಲ, ಇಲ್ಲವೇ ತೀರ ಕಡಿಮೆ ಹಾಕುತ್ತಾರೆ. ಉಪ್ಪೂ ರುಚಿಯೂ ಬರುವುದು ತಾರೆಯಿಂದ. ಸೋಯಾ ಸಾಸಿನದಾದರೆ 'ಶೋಯು', ಉಪ್ಪಿನದಾದರೆ 'ಶಿಯೊ', ಹುದುಗಿಸಿದ ಸೋಯಾ ಕಾಳಿನ ಮುದ್ದೆಯದಾದರೆ 'ಮಿಸೊ' ರಾಮೆನ್. ತಾರೆಯ ಪಾಕವನ್ನು ಅನೇಕ ಅಂಗಡಿಗಳು ಗುಟ್ಟಾಗಿ ಇಟ್ಟುಕೊಳ್ಳುತ್ತವೆ. ಮೇಲೆ ತೇಲುವ ಕೋಳಿ ಕೊಬ್ಬು, ಬೆಳ್ಳುಳ್ಳಿ ಎಣ್ಣೆ, ಈರುಳ್ಳಿ ಎಣ್ಣೆಗಳು ಪರಿಮಳ ಕೊಡುತ್ತವೆ, ಬಿಸಿಯನ್ನೂ ಹಿಡಿದಿಡುತ್ತವೆ. ಮೇಲಿನ ಪದಾರ್ಥಗಳಲ್ಲಿ ಪ್ರಧಾನವಾದುದು 'ಚಾಶು'. ಇದರ ಕ್ಯಾಂಟನ್ ಮೂಲದಲ್ಲಿ ಮಾಂಸವನ್ನು ಕೆಂಡದ ಕಾವಿನಲ್ಲಿ ಸುಡುತ್ತಿದ್ದರು. ಜಪಾನಿನಲ್ಲಿ ಸೋಯಾ ರಸದಲ್ಲಿ ನಿಧಾನವಾಗಿ ಬೇಯಿಸುವುದು ರೂಢಿಯಾಗಿದೆ. ಸೋಯಾ ರಸದಲ್ಲಿ ನೆನೆಸಿದ, ಒಳಗೆ ಹಳದಿ ಇನ್ನೂ ಗಟ್ಟಿಯಾಗದ ಮೊಟ್ಟೆಗೂ ಅಷ್ಟೇ ಬೇಡಿಕೆ.

ಊರಿಗೊಂದು ಬಗೆ

ಕಠಿಣ ಚಳಿಯ ಸಪ್ಪೊರೊದಲ್ಲಿ 1950ರ ದಶಕದ ಮಧ್ಯದಲ್ಲಿ 'ಅಜಿ ನೊ ಸಾನ್‌ಪೆಯ್' ಅಂಗಡಿಯ ಒಮಿಯಾ ಮೊರಿತೊ ಮಿಸೊ ರಾಮೆನ್ ರೂಪಿಸಿದ. ಹುರಿದ ತರಕಾರಿ, ಬೆಳ್ಳುಳ್ಳಿ, ದಪ್ಪ ಸುರುಳಿ ನೂಡಲ್ಸ್ ಇದರ ಲಕ್ಷಣ. ಹೊಕ್ಕೈಡೊದ ಜೋಳ ಮತ್ತು ಬೆಣ್ಣೆ ಆಮೇಲೆ ಸೇರಿಕೊಂಡವು. ಅದೇ ದ್ವೀಪದ ಹಕೊಡಾಟೆ ತಿಳಿಯಾದ ಶಿಯೊಗೆ, ಅಸಾಹಿಕಾವಾ ಶೋಯುಗೆ ಹೆಸರುವಾಸಿ.

ದಕ್ಷಿಣದ ಕ್ಯೂಷೂ ದ್ವೀಪ ತೊಂಕೊತ್ಸುವಿನ ನಾಡು. ಹಂದಿ ಮೂಳೆ ಸಾರಿನ ರಾಮೆನ್ 1937ರಲ್ಲಿ ಕುರುಮೆ ಪಟ್ಟಣದ 'ನಾಂಕಿನ್ ಸೆನ್‌ರ್ಯೊ' ಎಂಬ ಗಾಡಿಯಲ್ಲಿ ಶುರುವಾಯಿತು. ಆಗ ಸಾರು ಇಷ್ಟು ಬೆಳ್ಳಗಿರಲಿಲ್ಲ. ಯುದ್ಧಾನಂತರ ಅದೇ ಪಟ್ಟಣದ ಇನ್ನೊಂದು ಗಾಡಿಯಲ್ಲಿ ಸಾರು ಕೈಮೀರಿ ಕುದಿದು ಬೆಳ್ಳಗಾಯಿತು, ಚೆಲ್ಲುವ ಮೊದಲು ರುಚಿ ನೋಡಿದರೆ ಅದೇ ಮೇಲೆನಿಸಿತು ಎಂಬ ಕಥೆ ಪ್ರಚಲಿತವಾಗಿದೆ. ಫುಕುವೊಕಾ ನಗರದ ಹಕಾತಾ ಮತ್ತು ನಾಗಾಹಾಮಾ ಭಾಗಗಳಲ್ಲಿ ಈ ಶೈಲಿ ಇನ್ನಷ್ಟು ಬೆಳೆಯಿತು. ನಾಗಾಹಾಮಾದ ಮೀನು ಮಾರುಕಟ್ಟೆಯವರಿಗೆ ಕಾಯಲು ಪುರುಸೊತ್ತಿಲ್ಲ. ಅವರಿಗಾಗಿ ಕ್ಷಣದಲ್ಲಿ ಬೇಯುವ ಸಣ್ಣ ಎಳೆ ಬಂತು. ಸಣ್ಣ ಎಳೆ ಸಾರಿನಲ್ಲಿ ಬೇಗ ಮೆತ್ತಗಾಗುವುದರಿಂದ ಮೊದಲಿಗೆ ಸ್ವಲ್ಪವೇ ಬಡಿಸಿ, ಉಳಿದ ಸಾರಿಗೆ ಇನ್ನೊಂದು ಹಿಡಿ ನೂಡಲ್ಸ್ ಹಾಕಿಸಿಕೊಳ್ಳುವ 'ಕಾಯೆದಾಮಾ' ಪದ್ಧತಿ ಹುಟ್ಟಿತು. ಕುಮಾಮೊತೊದಲ್ಲಿ ಇದೇ ಸಾರಿಗೆ ಕಪ್ಪಾಗಿ ಹುರಿದ ಬೆಳ್ಳುಳ್ಳಿಯ ಎಣ್ಣೆ ಸೇರುತ್ತದೆ.

ಫುಕುಶಿಮಾ ಪ್ರಾಂತದ ಕಿತಾಕಾತಾದಲ್ಲಿ ಬೆಳಗಿನ ತಿಂಡಿಗೇ ರಾಮೆನ್ ತಿನ್ನುವ ರೂಢಿಯಿದೆ. ಬೇಸಿಗೆಯ ಸೆಕೆ ಹೆಚ್ಚಿರುವ ಯಾಮಾಗಾತಾದಲ್ಲಿ ಮಂಜುಗಡ್ಡೆ ತೇಲುವ ತಣ್ಣನೆಯ ಸಾರಿನ ರಾಮೆನ್ ಸಿಗುತ್ತದೆ. ಮನೆಯೊಂದು ಹೊರಗಡೆ ರಾಮೆನ್ ತಿನ್ನಲು ಮಾಡುವ ವಾರ್ಷಿಕ ಖರ್ಚಿನ ಸರ್ಕಾರಿ ಸಮೀಕ್ಷೆಯಲ್ಲಿ ಯಾಮಾಗಾತಾ ಹಲವು ಬಾರಿ ದೇಶಕ್ಕೇ ಮೊದಲು ಬಂದಿದೆ. 2021ರಲ್ಲಿ ನೀಗಾತಾ ಆ ಸ್ಥಾನ ಕಸಿದುಕೊಂಡಾಗ ಅದನ್ನು ಮರಳಿ ಗೆಲ್ಲುವುದು ಊರಿನ ಮಾನದ ಪ್ರಶ್ನೆಯಾಯಿತು.

ಟೋಕಿಯೊ-ಯೊಕೊಹಾಮಾ ಭಾಗದಲ್ಲಿ ಹೊಸ ಪಂಥಗಳು ಹುಟ್ಟಿದವು. 1955ರಲ್ಲಿ ಯಾಮಾಗಿಶಿ ಕಝುವೊ, ಅಂಗಡಿಯ ಕೆಲಸಗಾರರು ತಮಗಾಗಿ ಮಾಡಿಕೊಳ್ಳುತ್ತಿದ್ದ ಊಟದಿಂದ 'ತ್ಸುಕೆಮೆನ್' ಬೆಳೆಸಿದ. ಇದರಲ್ಲಿ ತಣ್ಣೀರಿನಲ್ಲಿ ತೊಳೆದ ನೂಡಲ್ಸ್ ಒಂದು ತಟ್ಟೆಯಲ್ಲಿ, ಗಾಢವಾದ ಸಾರು ಬೇರೊಂದು ಬಟ್ಟಲಿನಲ್ಲಿ. ಎಳೆಗಳನ್ನು ಅದ್ದಿ ತಿನ್ನಬೇಕು. 1974ರಲ್ಲಿ ಹಿಂದೆ ಲಾರಿ ಚಾಲಕನಾಗಿದ್ದ ಯೊಶಿಮುರಾ ಮಿನೊರು ಕ್ಯೂಷೂವಿನ ಹಂದಿ ಮೂಳೆ ಸಾರಿಗೆ ಟೋಕಿಯೊದ ಸೋಯಾ ರುಚಿ ಕೂಡಿಸಿ ಯೊಕೊಹಾಮಾದಲ್ಲಿ 'ಯೊಶಿಮುರಾಯಾ' ತೆರೆದ; ಅದನ್ನು ಅನುಸರಿಸಿದ ಅಂಗಡಿಗಳ ಪರಂಪರೆಗೆ 'ಇಎಕೆಯ್' ಎಂದು ಹೆಸರು. 1968ರಲ್ಲಿ ಆರಂಭವಾಗಿ ಕೇಯೋ ವಿಶ್ವವಿದ್ಯಾಲಯದ ಪಕ್ಕದ ಮಿತಾದಲ್ಲಿ ನೆಲೆಸಿದ 'ರಾಮೆನ್ ಜಿರೊ' ಎಲೆಕೋಸು, ಮೊಳಕೆಕಾಳು, ಬೆಳ್ಳುಳ್ಳಿ, ಕೊಬ್ಬುಗಳ ರಾಶಿಯನ್ನು ಬಟ್ಟಲಿನ ಮೇಲೆ ಗೋಪುರದಂತೆ ಏರಿಸಿ ಕೊಡುತ್ತದೆ. ಅದಕ್ಕೆ ಭಕ್ತರೆನ್ನಬಹುದಾದ ಗಿರಾಕಿಗಳಿದ್ದಾರೆ.

ಅಂಗಡಿಯಲ್ಲಿ ಊಟ

ರಾಮೆನ್ ಅಂಗಡಿಗಳು ಬಹುತೇಕ ಚಿಕ್ಕವು. ಅಡುಗೆಕಟ್ಟೆಯ ಎದುರು ಎಂಟು ಹತ್ತು ಎತ್ತರದ ಕುರ್ಚಿಗಳು, ಬಾಗಿಲ ಪಕ್ಕದಲ್ಲಿ ಟಿಕೆಟ್ ಯಂತ್ರ. ದುಡ್ಡು ಹಾಕಿ ಗುಂಡಿ ಒತ್ತಿ, ಬಂದ ಚೀಟಿಯನ್ನು ಕಟ್ಟೆಯ ಮೇಲಿಟ್ಟು ಕೂತರೆ ಮುಂದಿನದೆಲ್ಲ ಕಣ್ಣೆದುರೇ ನಡೆಯುತ್ತದೆ. ಅಡುಗೆಯವನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿದ ಬಟ್ಟಲಿಗೆ ಒಂದು ಸಣ್ಣ ಸೌಟು ತಾರೆ, ಸ್ವಲ್ಪ ಎಣ್ಣೆ ಹಾಕುತ್ತಾನೆ. ನೂಡಲ್ಸ್ ಆಳವಾದ ಜಾಲರಿಯಲ್ಲಿ ಕುದಿಯುವ ನೀರಿಗಿಳಿಯುತ್ತದೆ. ಅದು ಬೇಯುವ ಒಂದೆರಡು ನಿಮಿಷದಲ್ಲಿ ಸಾರು ಬಟ್ಟಲಿಗೆ ಬೀಳಬೇಕು. ಜಾಲರಿಯನ್ನೆತ್ತಿ ಎರಡು ಮೂರು ಸಲ ಬಿರುಸಾಗಿ ಕೊಡವುತ್ತಾನೆ. ಎಳೆಗಂಟಿದ ನೀರು ಸಾರಿಗೆ ಸೇರಿದರೆ ರುಚಿ ಸಪ್ಪೆಯಾಗುತ್ತದೆ. ನೂಡಲ್ಸನ್ನು ಸಾರಿಗೆ ಜಾರಿಸಿ, ಕಡ್ಡಿಗಳಿಂದ ಮೇಲೆತ್ತಿ ಮಡಿಸಿದಂತೆ ಒಪ್ಪವಾಗಿ ಮಲಗಿಸಿ, ಚಾಶು, ಕಳಲೆ, ಈರುಳ್ಳಿ ಸೊಪ್ಪು, ಕಡಲಕಳೆಯ ಹಾಳೆ ಇಟ್ಟು ಬಟ್ಟಲನ್ನು ಕಟ್ಟೆಯ ಮೇಲೆ ದಾಟಿಸುತ್ತಾನೆ.

ತಿನ್ನುವುದಕ್ಕೂ ಅಷ್ಟೇ ಚುರುಕು ಬೇಕು, ತಡಮಾಡಿದಷ್ಟೂ ಎಳೆ ಮೆತ್ತಗಾಗುತ್ತದೆ. ಮೊದಲು ಒಂದು ಗುಟುಕು ಸಾರು, ಬಳಿಕ ಕಡ್ಡಿಯಿಂದ ಎತ್ತಿದ ಎಳೆಗಳನ್ನು ಸೊರ್ರನೆ ಎಳೆದುಕೊಳ್ಳುವುದು. ನೂಡಲ್ಸ್ ತಿನ್ನುವಾಗ ಸದ್ದು ಮಾಡುವುದು ಅಲ್ಲಿ ಅಸಭ್ಯವಲ್ಲ. ಎಳೆಯ ಜೊತೆ ಒಳಹೋಗುವ ಗಾಳಿ ಬಿಸಿ ತಗ್ಗಿಸುತ್ತದೆ, ಪರಿಮಳವನ್ನು ಮೂಗಿನತನಕ ಒಯ್ಯುತ್ತದೆ. ಹಕಾತಾ ಶೈಲಿಯ ಅಂಗಡಿಯಲ್ಲಿ ಎಳೆ ಎಷ್ಟು ಬೇಯಬೇಕೆಂದು ಹೇಳಬಹುದು: ಮೆತ್ತಗೆ 'ಯಾವಾ', ಸಾಧಾರಣ 'ಫುತ್ಸು', ಗಟ್ಟಿ 'ಕಾತಾ', ಇನ್ನೂ ಗಟ್ಟಿ 'ಬಾರಿಕಾತಾ'. ಸಾರನ್ನು ಪೂರ್ತಿ ಕುಡಿಯಲೇಬೇಕೆಂದಿಲ್ಲ. ಜನ ಸರತಿಯಲ್ಲಿ ಕಾಯುತ್ತಿರುವಾಗ ತಿಂದಾದ ಮೇಲೂ ಕೂತು ಹರಟುವುದನ್ನು ಮಾತ್ರ ಯಾರೂ ಮೆಚ್ಚುವುದಿಲ್ಲ. ಅನೇಕ ಕಡೆ ಗಿರಾಕಿಯೇ ಖಾಲಿ ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಮುಂದಿನ ಜಾಗ ಒರೆಸಿ, 'ಗೊಚಿಸೊಸಮಾ' (ಊಟಕ್ಕೆ ಧನ್ಯವಾದ) ಎಂದು ಹೇಳಿ ಎದ್ದು ಹೋಗುತ್ತಾನೆ.

ರಾಮೆನ್ ಒಂಟಿಯಾಗಿ ಉಣ್ಣಲು ಹೇಳಿ ಮಾಡಿಸಿದ ಊಟ. ಫುಕುವೊಕಾ ಮೂಲದ 'ಇಚಿರಾನ್' ಸರಣಿ ಗಿರಾಕಿಗಳ ನಡುವೆ ಹಲಗೆಯ ಮರೆ ಕಟ್ಟಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಗೂಡು ಮಾಡಿಕೊಟ್ಟಿದೆ. ಗೆಳೆಯರೊಂದಿಗೆ ಕುಡಿದ ರಾತ್ರಿ ಮನೆಗೆ ಹೋಗುವ ಮುನ್ನ ಕೊನೆಯದಾಗಿ ಒಂದು ಬಟ್ಟಲು ರಾಮೆನ್ ತಿನ್ನುವ ರೂಢಿ ನಗರಗಳಲ್ಲಿ ಗಟ್ಟಿಯಾಗಿದೆ.

ದಿಢೀರ್ ರಾಮೆನ್

ರಾಮೆನ್ ಮನೆಯೊಳಗೆ ಬಂದದ್ದು ಆಂಡೊ ಮೊಮೊಫುಕುವಿನಿಂದ. ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ 1910ರಲ್ಲಿ ಹುಟ್ಟಿದ ಆಂಡೊ, ಒಸಾಕಾ ಪ್ರಾಂತದ ಇಕೆಡಾ ಪಟ್ಟಣದಲ್ಲಿ ಮನೆ ಹಿಂದಿನ ಗುಡಿಸಲಿನಲ್ಲಿ ಪ್ರಯೋಗ ಮಾಡಿದ. ರುಚಿ ಹಿಡಿಸಿದ ನೂಡಲ್ಸನ್ನು ಎಣ್ಣೆಯಲ್ಲಿ ಕರಿದರೆ ನೀರಿನಂಶ ಹಾರಿ ಎಳೆಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಬಿಸಿನೀರು ಹಾಕಿದಾಗ ಅವುಗಳ ಮೂಲಕ ನೀರು ಮತ್ತೆ ಒಳಸೇರುತ್ತದೆ. ಹೆಂಡತಿ ಟೆಂಪುರಾ ಕರಿಯುವುದನ್ನು ನೋಡಿದಾಗ ಈ ಉಪಾಯ ಹೊಳೆಯಿತೆಂದು ಪ್ರತೀತಿ. 1958ರ ಆಗಸ್ಟ್ 25ರಂದು 'ಚಿಕನ್ ರಾಮೆನ್' ಮಾರುಕಟ್ಟೆಗೆ ಬಂತು. ಬೆಲೆ 35 ಯೆನ್, ತಾಜಾ ಊದೋನ್ ನೂಡಲ್ಸಿಗಿಂತ ಹಲವು ಪಟ್ಟು ದುಬಾರಿ. ಆದರೂ ಜನ ಇದನ್ನು 'ಮಾಯಾ ರಾಮೆನ್' ಎಂದು ಕರೆಯುತ್ತ ಖರೀದಿಸಿದರು.

1966ರ ಅಮೆರಿಕ ಪ್ರವಾಸದಲ್ಲಿ ಅಲ್ಲಿನ ವರ್ತಕರು ಚಿಕನ್ ರಾಮೆನ್ ಮುರಿದು ಕಾಗದದ ಲೋಟಕ್ಕೆ ಹಾಕಿ ಫೋರ್ಕಿನಿಂದ ತಿನ್ನುವುದನ್ನು ಆಂಡೊ ಕಂಡ. 1971ರಲ್ಲಿ ಬಂದ 'ಕಪ್ ನೂಡಲ್' ಇದರ ಫಲ. ಮರುವರ್ಷ ಫೆಬ್ರವರಿಯಲ್ಲಿ ನಾಗಾನೊ ಪ್ರಾಂತದ ಅಸಾಮಾ ಬೆಟ್ಟದ ವಸತಿಗೃಹವೊಂದರಲ್ಲಿ ತೀವ್ರಗಾಮಿಗಳು ಒತ್ತೆಯಾಳನ್ನು ಹಿಡಿದಿಟ್ಟಾಗ, ಹಿಮದಲ್ಲಿ ಕಾವಲಿದ್ದ ಪೊಲೀಸರು ಹೊಗೆಯಾಡುವ ಕಪ್ ನೂಡಲ್ ತಿನ್ನುವ ದೃಶ್ಯ ಟಿವಿಯಲ್ಲಿ ಮನೆಮನೆಗೂ ತಲುಪಿತು. ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. 2005ರಲ್ಲಿ ಗಗನಯಾನಿ ನೊಗುಚಿ ಸೊಯಿಚಿ ಡಿಸ್ಕವರಿ ನೌಕೆಯಲ್ಲಿ ದಿಢೀರ್ ರಾಮೆನ್‌ನ ಬಾಹ್ಯಾಕಾಶ ಆವೃತ್ತಿಯನ್ನು ತಿಂದ. ಆಂಡೊ 2007ರಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಂಡ.

2023ರಲ್ಲಿ ಜಗತ್ತಿನಲ್ಲಿ 12,000 ಕೋಟಿಗೂ ಹೆಚ್ಚು ದಿಢೀರ್ ನೂಡಲ್ಸ್ ಪೊಟ್ಟಣಗಳು ಮಾರಾಟವಾದವು. ಚೀನಾ, ಇಂಡೊನೇಷ್ಯಾಗಳ ನಂತರದ ಸ್ಥಾನ ಭಾರತದ್ದು. ಆಂಡೊ ಕಟ್ಟಿದ ನಿಸ್ಸಿನ್ ಕಂಪನಿ 'ಟಾಪ್ ರಾಮೆನ್' ಅನ್ನು 1991ರಲ್ಲಿ ಭಾರತಕ್ಕೆ ತಂದಿತು. ಅದರ ಕಾರ್ಖಾನೆಗಳಲ್ಲೊಂದು ಬೆಂಗಳೂರು ಹೊರವಲಯದ ಜಿಗಣಿಯಲ್ಲಿದೆ.

ಸಿನಿಮಾ, ಕಾಮಿಕ್ಸ್ ಮತ್ತು ಮಾಧ್ಯಮ

ಇತಾಮಿ ಜೂಝೊ ನಿರ್ದೇಶಿಸಿದ 'ತಾಂಪೊಪೊ' (1985) ಚಿತ್ರದಲ್ಲಿ ಲಾರಿ ಚಾಲಕನೊಬ್ಬ ವಿಧವೆಯೊಬ್ಬಳ ಸಪ್ಪೆ ಅಂಗಡಿಯನ್ನು ಊರಿನ ಉತ್ತಮ ರಾಮೆನ್ ಅಂಗಡಿಯಾಗಿ ತಿದ್ದುತ್ತಾನೆ. ಕಿಶಿಮೊತೊ ಮಸಾಶಿಯ 'ನಾರುತೊ' ಕಾಮಿಕ್ಸ್ 1999ರಲ್ಲಿ ಶುರುವಾಗಿ, ನಾಯಕ ಪದೇ ಪದೇ ಹೋಗುವ 'ಇಚಿರಾಕು' ಅಂಗಡಿಯ ಮೂಲಕ ರಾಮೆನ್ ಹೆಸರನ್ನು ಜಗತ್ತಿನ ಮಕ್ಕಳಿಗೆಲ್ಲ ಮುಟ್ಟಿಸಿತು. ನಾಯಕನ ಹೆಸರೇ ಬಟ್ಟಲಿನ ಮೇಲಿಡುವ ಗುಲಾಬಿ ಸುರುಳಿಯ ಮೀನಿನ ಬಿಲ್ಲೆಯದೂ ಹೌದು. 1994ರಲ್ಲಿ ತೆರೆದ ಶಿನ್-ಯೊಕೊಹಾಮಾ ರಾಮೆನ್ ಸಂಗ್ರಹಾಲಯ ಚಿಕನ್ ರಾಮೆನ್ ಹುಟ್ಟಿದ 1958ರ ಬೀದಿಯನ್ನೇ ಮರುಸೃಷ್ಟಿಸಿ, ದೇಶದ ಬೇರೆ ಬೇರೆ ಊರುಗಳ ಅಂಗಡಿಗಳನ್ನು ಒಂದೇ ಸೂರಿನಡಿ ತಂದಿದೆ. ಟಿವಿ ಸ್ಪರ್ಧೆಗಳು, ರಾಮೆನ್‌ಗೇ ಮೀಸಲಾದ ಪತ್ರಿಕೆಗಳು, ಸಾವಿರಾರು ಬಟ್ಟಲು ರುಚಿ ನೋಡಿ ಬರೆಯುವ ವಿಮರ್ಶಕರು ಅಡುಗೆಯವರಿಗೆ ತಾರಾಮೌಲ್ಯ ತಂದರು.

ಸದ್ಯದ ಸ್ಥಿತಿ

ಟೋಕಿಯೊದ ಸುಗಾಮೊದಲ್ಲಿದ್ದ ಒನಿಶಿ ಯೂಕಿಯ 'ತ್ಸುತಾ' 2015ರ ಡಿಸೆಂಬರಿನಲ್ಲಿ ಪ್ರಕಟವಾದ ಮಿಶೆಲಿನ್ ಕೈಪಿಡಿಯಲ್ಲಿ ಒಂದು ನಕ್ಷತ್ರ ಪಡೆಯಿತು. ಜಗತ್ತಿನಲ್ಲೇ ಈ ಮನ್ನಣೆ ಪಡೆದ ಮೊದಲ ರಾಮೆನ್ ಅಂಗಡಿ ಅದು. ಕಾವಾಹಾರಾ ಶಿಗೆಮಿ 1985ರಲ್ಲಿ ಫುಕುವೊಕಾದಲ್ಲಿ ತೆರೆದ 'ಇಪ್ಪುದೊ' 2008ರಲ್ಲಿ ನ್ಯೂಯಾರ್ಕ್ ತಲುಪಿತು.

ಜನಪ್ರಿಯತೆಯ ಜೊತೆ ತೊಡಕುಗಳೂ ಇವೆ. ಸಾರನ್ನು ಪೂರ್ತಿ ಕುಡಿದರೆ ಒಂದು ಬಟ್ಟಲಿನಲ್ಲೇ ಸುಮಾರು 6 ಗ್ರಾಂ ಉಪ್ಪು ದೇಹ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 5 ಗ್ರಾಂ. ಗಿರಾಕಿಗಳು ಒಂದು ಬಟ್ಟಲಿಗೆ 1,000 ಯೆನ್ ದಾಟಿದರೆ ಹಿಂಜರಿಯುತ್ತಾರೆಂಬುದು ವ್ಯಾಪಾರಿಗಳ ಹಳೆಯ ಅನುಭವ. ಇದಕ್ಕೆ 'ಸಾವಿರ ಯೆನ್ ಗೋಡೆ' ಎಂದೇ ಹೆಸರು. ಗೋಧಿ, ಮಾಂಸ, ಇಂಧನಗಳ ಬೆಲೆ ಏರಿದ ಈಚಿನ ವರ್ಷಗಳಲ್ಲಿ ಈ ಗೋಡೆಗೆ ಸಿಕ್ಕಿ ಅನೇಕ ಸಣ್ಣ ಅಂಗಡಿಗಳು ಬಾಗಿಲು ಹಾಕಿವೆ. ಸಸ್ಯಾಹಾರಿಗಳು ಇನ್ನೊಂದು ಸಂಗತಿ ಗಮನಿಸಬೇಕು: ಮೇಲೆ ಬರೀ ತರಕಾರಿ ಕಂಡರೂ ಸಾರಿನಲ್ಲಿ ಸಾಮಾನ್ಯವಾಗಿ ಮೂಳೆ ಅಥವಾ ಮೀನು ಇರುತ್ತದೆ. ಟೋಕಿಯೊ ರೈಲು ನಿಲ್ದಾಣದೊಳಗಿನ 'ಟೀಸ್ ತಾನ್‌ತಾನ್'ನಂತೆ ಸಂಪೂರ್ಣ ಸಸ್ಯಮೂಲದ ರಾಮೆನ್ ಮಾಡುವ ಅಂಗಡಿಗಳು ಕೆಲವೇ ಇವೆ, ಹುಡುಕಿಕೊಂಡು ಹೋಗಬೇಕು.

ರಾಮೆನ್‌ನಲ್ಲಿ 'ಅಸಲಿ' ಎಂಬುದೊಂದಿಲ್ಲ. ಸಪ್ಪೊರೊದ ಮಿಸೊ, ಹಕಾತಾದ ತೊಂಕೊತ್ಸು, ಕಿತಾಕಾತಾದ ಶೋಯು, ಮೂರು ನಿಮಿಷದ ಕಪ್ ನೂಡಲ್ ಎಲ್ಲವೂ ಜಪಾನೀಯರಿಗೆ ರಾಮೆನ್ನೇ. ಒಂದೂವರೆ ಶತಮಾನದ ಹಿಂದೆ ಪರದೇಶದ ಊಟವಾಗಿದ್ದ ಇದು ಇಂದು ಸುಶಿಯ ಜೊತೆಜೊತೆಗೆ ಜಪಾನಿನ ಗುರುತಾಗಿದೆ.